ಮಣಿಯದ ಹಲಗೆ

ಹೊಳೆ ಕಡಲಿಗೆ ಸೇರುವ ಅಳಿವೆಯ ದಂಡೆಯಲ್ಲಿ ಪರಮಯ್ಯ ಎಂಬ ಗುರುವಿನ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಸೋಗೆಯ ಮಾಡು, ಒಂದು ಬಾವಿ, ಒಂದು ಒಲೆ. ಅಷ್ಟೇ.

ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ. ಶಿಷ್ಯನಾದವನು ತನ್ನ ಕೈಯಾರೆ ಮರದ ಹಲಗೆಯೊಂದನ್ನು ಮಾಡಬೇಕು, ಅದರ ಮೇಲೆ ನಿಂತು ಅಲೆಯೇರಿ ದಡಕ್ಕೆ ಬರಬೇಕು. ಯಾಕೆಂದು ಕೇಳಿದವರ ಕೈಗೆ ಪರಮಯ್ಯ ಮರ ಹೆರೆಯುವ ಕೀಸುಳಿ ಕೊಡುತ್ತಿದ್ದರು. ಹೆಚ್ಚಿನವರು ಅದನ್ನು ನೋಡಿಯೇ ಮನೆಯ ದಾರಿ ಹಿಡಿದರು.

ಉಳಿದವರು ದುರ್ಗಯ್ಯ, ಜಟ್ಟಪ್ಪ ಇಬ್ಬರೇ. ಈಗ ದುರ್ಗಯ್ಯ ಒಬ್ಬನೇ.

ಆಶ್ರಮಕ್ಕೆ ಒಂದು ಕಟ್ಟಳೆಯಿತ್ತು. ಮುರಿದ ಹಲಗೆಯನ್ನು, ಅದು ಯಾಕೆ ಮುರಿಯಿತೆಂದು ತಿಳಿಯುವ ತನಕ ಒಲೆಗೆ ಹಾಕುವಂತಿಲ್ಲ. ದುರ್ಗಯ್ಯನ ಮೊದಲ ಹಲಗೆಯ ಎರಡು ತುಂಡುಗಳು ಅಟ್ಟದ ಮೇಲೆ ಹಾಗೇ ಬಿದ್ದಿದ್ದವು.

ಸೌದೆ ಕಡಿಮೆಯಾದಾಗಲೆಲ್ಲ ದುರ್ಗಯ್ಯ ಅತ್ತ ನೋಡುತ್ತಿದ್ದ.

“ಯಾಕೆ ಮುರಿಯಿತು ಅಂತ ಗೊತ್ತಿದೆಯಲ್ಲ ಗುರುಗಳೇ. ಜಟ್ಟಪ್ಪ ಮುರಿದ. ನನ್ನನ್ನು ಕೇಳದೆ ತಗೊಂಡು ಹೋಗಿ ಮುರಿದ. ಒಲೆಗೆ ಹಾಕಲಾ?”

“ಇರಲಿ,” ಎನ್ನುತ್ತಿದ್ದರು ಗುರುಗಳು.

ಹಲಗೆ ಮುರಿದ ದಿನ ದುರ್ಗಯ್ಯ ನಾಲಿಗೆಯನ್ನು ಹಿಡಿದುಕೊಳ್ಳಲಿಲ್ಲ. “ನಿನ್ನ ಕೈಗೆ ಸಿಕ್ಕಿದ್ದೆಲ್ಲ ಹಾಳು. ಇನ್ನು ನಿನ್ನ ಮುಖ ತೋರಿಸಬೇಡ,” ಎಂದುಬಿಟ್ಟಿದ್ದ. ಜಟ್ಟಪ್ಪ ಒದ್ದೆ ಬಟ್ಟೆಯಲ್ಲೇ ಹೊಳೆ ದಾಟಿ ಆಚೆ ದಡದ ತನ್ನ ಮನೆಗೆ ಹೋದ.

ಆಮೇಲೊಮ್ಮೆ ಅವನು ಆಚೆ ದಡಕ್ಕೆ ಬಂದು ನಿಂತು, “ಓ ದುರ್ಗಾ!” ಎಂದು ಕೂಗಿದ್ದುಂಟು. ದುರ್ಗಯ್ಯ ಬೆನ್ನು ಹಾಕಿ ಹಲಗೆ ಕೀಸುತ್ತಲೇ ಇದ್ದ. ಕೂಗು ನಿಂತ ಮೇಲೆ ತಿರುಗಿ ನೋಡಿದ. ದಡ ಖಾಲಿಯಾಗಿತ್ತು.

ಮಾತಾಡಲು ಈಗ ಗುರುಗಳು ಮಾತ್ರ ಇದ್ದರು. ಅವರೋ ಮಾತಿನಲ್ಲಿ ಮಹಾ ಜಿಪುಣರು. ಒಳ್ಳೆಯ ಅಲೆ ಎದ್ದ ದಿನ ದುರ್ಗಯ್ಯ ದಡಕ್ಕೆ ಬಂದು, ನೋಡಿದೆಯಾ ಎಂದು ಬಾಯಿ ತೆರೆಯುತ್ತಿದ್ದ, ಕೇಳುವವರು ಯಾರೂ ಇಲ್ಲವೆಂದು ನೆನಪಾಗಿ ಮುಚ್ಚಿಕೊಳ್ಳುತ್ತಿದ್ದ. ಗಂಜಿ ಬಡಿಸುವಾಗ ಕೈ ತಾನಾಗಿ ಇನ್ನೊಂದು ಬಟ್ಟಲಿಗೆ ಹೋಗುತ್ತಿತ್ತು. ಅವನಿಗೆ ಬಹಳ ಬೇಸರವಾಗುತ್ತಿತ್ತು. ಆ ಬೇಸರವನ್ನು ಅವನು ಸಿಟ್ಟೆಂದೇ ತಿಳಿದಿದ್ದ.

ಅದೇ ಸಿಟ್ಟಿನಲ್ಲಿ ಹೊಸ ಹಲಗೆಗೆ ಕೈ ಹಾಕಿದ್ದ. ಹಿಂದೆ ಅವನೂ ಜಟ್ಟಪ್ಪನೂ ಸೇರಿ ಬೂರುಗದ ದಿಮ್ಮಿಯೊಂದನ್ನು ಕೊಯ್ದಿದ್ದರು. ಅದರಲ್ಲಿ ಉಳಿದದ್ದು ಈ ಒಂದೇ ಹಲಗೆ.

ಬೂರುಗ ಹಗುರ ಮರ, ಒತ್ತಿದರೆ ಬಾಗುತ್ತದೆ. ಬಾಗುವುದೆಂದರೆ ದುರ್ಗಯ್ಯನಿಗೆ ಆಗದು. ಮೊದಲ ಹಲಗೆಗೆ ಕೆಳಗಿನಿಂದ ಬೈನೆ ಮರದ ಗಟ್ಟಿ ಪಟ್ಟಿಯೊಂದನ್ನು ಬಿಗಿದಿದ್ದ. ಈ ಸಲ ಎರಡು ಬಿಗಿದ. ಬಾಲದ ಹತ್ತಿರ ಹಲಗೆ ತೆಳ್ಳಗಿದ್ದುದರಿಂದ ಪಟ್ಟಿಗಳು ಅಲ್ಲಿಯ ತನಕ ಹೋಗಲಿಲ್ಲ, ಸ್ವಲ್ಪ ಹಿಂದೆಯೇ ನಿಂತವು.

ಗುರುಗಳು ಅದನ್ನು ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟು, ನಡುವೆ ಅಂಗೈಯೂರಿ ಒತ್ತಿದರು.

“ಮಣಿಯುವುದೇ ಇಲ್ಲವಲ್ಲ,” ಎಂದರು.

ದುರ್ಗಯ್ಯನ ಮುಖ ಅರಳಿತು. “ಈ ಸಲ ಯಾರಪ್ಪ ಬಂದರೂ ಮುರಿಯಲಿಕ್ಕಾಗುವುದಿಲ್ಲ.”

ಗುರುಗಳು ಕೈ ಒರೆಸಿಕೊಂಡು ಒಳಗೆ ಹೋದರು.

ಮರುದಿನ ಬೆಳಗಿನ ಕಡಲು ನುಣುಪಾಗಿತ್ತು. ಹಲಗೆ ಬಾಣದ ಹಾಗೆ ಓಡಿತು. ದುರ್ಗಯ್ಯನಿಗೆ ಹಿಗ್ಗೋ ಹಿಗ್ಗು. ಅಷ್ಟರಲ್ಲಿ ಗಾಳಿ ತಿರುಗಿತು, ನೀರು ಏರುಪೇರಾಯಿತು. ಪ್ರತಿಯೊಂದು ಸಣ್ಣ ಅಲೆಯೂ ಹಲಗೆಗೆ ಬಡಿದು ಅವನ ಮೊಣಕಾಲನ್ನೇ ಕುಟ್ಟಿತು. ಹಲಗೆ ಯಾವ ಹೊಡೆತವನ್ನೂ ತನ್ನೊಳಗೆ ತೆಗೆದುಕೊಳ್ಳಲಿಲ್ಲ, ಎಲ್ಲವನ್ನೂ ಮೇಲೆ ನಿಂತವನಿಗೇ ದಾಟಿಸಿತು.

ದೊಡ್ಡದೊಂದು ಅಲೆಯ ಮೇಲೆ ಅವನು ಹಿಂಗಾಲೊತ್ತಿ ತಿರುಗಿದ.

ಟಪ್ಪೆಂದಿತು.

ದುರ್ಗಯ್ಯ ಉಪ್ಪುನೀರು ಕುಡಿದು ಮೇಲೆದ್ದ. ಒಂದು ತುಂಡು ಕಂಕುಳಲ್ಲಿತ್ತು, ಇನ್ನೊಂದು ದಡದ ಕಡೆ ತೇಲುತ್ತಿತ್ತು. ಸುತ್ತ ನೀರು. ಬೈಯಲು ಅಲ್ಲಿ ಒಬ್ಬರೂ ಇರಲಿಲ್ಲ.

ಅವನು ದಡಕ್ಕೆ ಬಂದಾಗ ಗುರುಗಳು ಅಟ್ಟದಿಂದ ಹಳೆಯ ತುಂಡುಗಳನ್ನು ಇಳಿಸಿ ಅಂಗಳದಲ್ಲಿ ಇಟ್ಟಿದ್ದರು. ಹೊಸ ತುಂಡುಗಳನ್ನೂ ಪಕ್ಕದಲ್ಲೇ ಜೋಡಿಸಿದರು.

“ಇದನ್ನು ಜಟ್ಟಪ್ಪ ಮುರಿದ ಅಂದೆ,” ಎಂದರು. “ಇದನ್ನು?”

ದುರ್ಗಯ್ಯ ಬಗ್ಗಿ ನೋಡಿದ. ಎರಡು ಹಲಗೆಗಳೂ ಒಂದೇ ಕಡೆ ಮುರಿದಿದ್ದವು, ಬೈನೆ ಪಟ್ಟಿ ಮುಗಿದು ಬರಿಯ ಬೂರುಗ ಶುರುವಾಗುವಲ್ಲಿ. ಗಟ್ಟಿಯ ಭಾಗ ಮಣಿದಿರಲಿಲ್ಲ. ಅದು ಮಣಿಯದ ಭಾರವೆಲ್ಲ ಆ ಒಂದು ಗೆರೆಯ ಮೇಲೆ ಬಿದ್ದಿತ್ತು.

ಅವನು ಕುಕ್ಕರುಗಾಲಿನಲ್ಲಿ ಕುಳಿತು ಮುರಿದ ಗೆರೆಗಳ ಮೇಲೆ ಬೆರಳಾಡಿಸಿದ. ಮೈಯ ನೀರು ಆರಿತು.

“ಯಾರು ನಿಂತಿದ್ದರೂ ಮುರಿಯುತ್ತಿತ್ತು,” ಎಂದ ಕೊನೆಗೆ.

ಗುರುಗಳು ತಲೆಯಾಡಿಸಿದರು.

“ನಿಮಗೆ ಗೊತ್ತಿತ್ತು. ಅವತ್ತೇ ಯಾಕೆ ಹೇಳಲಿಲ್ಲ ಗುರುಗಳೇ?”

“ಮೊದಲ ಹಲಗೆ ಒತ್ತಿ ನೋಡಿದಾಗಲೂ ಹೇಳಿದೆ, ನಿನ್ನೆಯೂ ಹೇಳಿದೆ. ಮಣಿಯುವುದಿಲ್ಲ ಅಂದೆ. ಎರಡು ಸಲವೂ ನೀನು ಹಿಗ್ಗಿದೆ ಮಾರಾಯ.”

ದುರ್ಗಯ್ಯ ಪಟ್ಟಿಯೊಂದನ್ನು ಕೈಯಿಂದ ತಟ್ಟಿದ.

“ಹಾಗಾದರೆ ಪಟ್ಟಿ ತೆಗೆದು ಇನ್ನೂ ತೆಳ್ಳಗೆ ಕೀಸಬೇಕಾ? ಬೇಕಾದಷ್ಟು ಬಾಗಲಿ ಅಂತ?”

ಗುರುಗಳು ಬಿದ್ದಿದ್ದ ಹಸಿ ಬಾಳೆಪಟ್ಟೆಯೊಂದನ್ನು ಎತ್ತಿ ಬಾಗಿಸಿ ಕೈಬಿಟ್ಟರು. ಅದು ಬಾಗಿದಂತೆಯೇ ಜೋಲು ಬಿತ್ತು.

“ಇದರ ಮೇಲೆ ನಿಂತರೆ ಅಲೆ ನಿನ್ನನ್ನು ಬಿಟ್ಟು ಮುಂದೆ ಹೋಗುತ್ತದೆ.”

ಆಮೇಲೆ ತಮ್ಮ ಹಳೆಯ ಹಲಗೆಯನ್ನು ತಂದು ಕಲ್ಲುಗಳ ಮೇಲಿಟ್ಟರು. “ಮೇಲೆ ಹತ್ತು.”

ದುರ್ಗಯ್ಯ ಹತ್ತಿ ನಿಂತ. ಹಲಗೆ ಅವನ ಭಾರಕ್ಕೆ ಕೆಳಗಿಳಿಯಿತು, ನಿಂತಿತು. ಅವನು ಮೊಣಕಾಲು ಸಡಿಲಿಸಿದ್ದೇ ತಡ, ಯಾರೋ ಕೆಳಗಿನಿಂದ ಅಂಗೈ ಕೊಟ್ಟಂತೆ ಮೇಲಕ್ಕೆತ್ತಿತು.

“ಏನಾಯಿತು?” ಎಂದರು ಗುರುಗಳು.

“ನಾನು ಒತ್ತಿದ್ದನ್ನು ನನಗೇ ತಿರುಗಿ ಕೊಟ್ಟಿತು.”

“ಅದನ್ನು ತನ್ನಲ್ಲೇ ಇಟ್ಟುಕೊಂಡಿತಾ?”

“ಇಲ್ಲ.”

ಗುರುಗಳು ನಾಲ್ಕು ತುಂಡುಗಳನ್ನೂ ಎತ್ತಿ ಒಲೆಗೆ ಹಾಕಿದರು. ಬೂರುಗ ಬೇಗ ಉರಿಯಿತು, ಬೈನೆ ಪಟ್ಟಿಗಳು ತಡವಾಗಿ ಉರಿದವು. ಇಬ್ಬರೂ ಗಂಜಿ ಉಂಡರು. ದುರ್ಗಯ್ಯನ ಕೈ ಮತ್ತೆ ಇನ್ನೊಂದು ಬಟ್ಟಲಿಗೆ ಹೋಯಿತು. ಈ ಸಲ ಅವನು ಅದನ್ನು ಸಿಟ್ಟೆಂದು ಕರೆಯಲಾರದೆ, ಒಲೆಯ ಮುಂದೆ ಅತ್ತುಬಿಟ್ಟ. ಗುರುಗಳು ಬೆಂಕಿ ಊದುತ್ತಿದ್ದರು.

ಊಟವಾದ ಮೇಲೆ ದುರ್ಗಯ್ಯ ಕಣ್ಣೊರೆಸಿಕೊಂಡು ಕೀಸುಳಿ ಹುಡುಕಿದ.

“ಇನ್ನೊಂದು ಮಾಡುತ್ತೇನೆ. ಸರಿಯಾಗಿ ಮಾಡುತ್ತೇನೆ.”

“ಮಾಡು. ಹಲಗೆ ಎಲ್ಲಿದೆ?”

ಹಲಗೆ ಇರಲಿಲ್ಲ. ಬಾವಿಯ ಹತ್ತಿರ ಬೂರುಗದ ಇಡೀ ದಿಮ್ಮಿಯೊಂದು ಬಿದ್ದಿತ್ತು. ಅದನ್ನು ಕೊಯ್ಯದೆ ಹಲಗೆ ಬರುವುದಿಲ್ಲ. ಕೊಯ್ಯುವ ಉದ್ದನೆಯ ಗರಗಸ ಗೋಡೆಯಲ್ಲಿ ತೂಗುತ್ತಿತ್ತು. ಅದಕ್ಕೆ ಎರಡು ತುದಿಯಲ್ಲೂ ಹಿಡಿ. ಆಚೆಯವನು ಎಳೆಯುವಾಗ ಈಚೆಯವನು ಬಿಟ್ಟುಕೊಡಬೇಕು, ಈಚೆಯವನು ಎಳೆಯುವಾಗ ಆಚೆಯವನು.

ದುರ್ಗಯ್ಯ ಗುರುಗಳ ಕಡೆ ನೋಡಿದ. ಅವರು ತಮ್ಮ ಮುದಿ ತೋಳುಗಳನ್ನು ಚಾಚಿ ತೋರಿಸಿ ನಕ್ಕರು.

ದುರ್ಗಯ್ಯ ಗರಗಸವನ್ನು ಇಳಿಸಿ ಹೆಗಲಿಗೇರಿಸಿದ. ಅದು ಹಿಂದೆ ಮುಂದೆ ಬಾಗಿ ತೂಗಿತು. ಹೊಳೆಯ ತನಕ ನಡೆದ. ದಂಡೆಗೆ ಕಟ್ಟಿದ್ದ ದೋಣಿಯಲ್ಲಿ ಒಂದು ಕಾಲಿಟ್ಟವನು ಅಲ್ಲೇ ನಿಂತ. ಆಚೆ ದಡದಲ್ಲಿ ಜಟ್ಟಪ್ಪನ ಮನೆಯ ಹೊಗೆ ಕಾಣುತ್ತಿತ್ತು. ಅವನಿಗೆ ಅಲೆಗೆ ಹೆದರಿ ಗೊತ್ತಿರಲಿಲ್ಲ. ಈಗ ಹೆದರಿಕೆಯಾಯಿತು.

ಗುರುಗಳು ಹಿಂದೆಯೇ ಬಂದಿದ್ದರು.

“ಅವನು ಕರೆದಾಗ ನಾನು ಬೆನ್ನು ಹಾಕಿದೆ,” ಎಂದ ದುರ್ಗಯ್ಯ. “ಈಗ ಹೋಗಿ ಏನಂತ ಹೇಳಲಿ?”

“ಏನೂ ಹೇಳಬೇಡ. ಗರಗಸದ ಒಂದು ಹಿಡಿ ಅವನ ಕಡೆ ಚಾಚು. ಮೊದಲು ಅವನು ಎಳೆಯಲಿ.”