ಎಣ್ಣೆ ಸವರಿಕೊಂಡ ಕಮಾನು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಭಜನಾ ಮಂಡಳಿಯ ಪಿಟೀಲು ಅಳಸಿಂಗಾಚಾರ್ಯರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

ತಂತಿಯ ಮೇಲೆ ಜಾರದಿರಲೆಂದು ದಿನವೂ ರಾಳ ಉಜ್ಜಿಸಿಕೊಂಡು ಪಿಟೀಲಿನ ಕಮಾನಿಗೆ ಬೇಸರ ಬಂದಿತ್ತು. ಆಯುಧಪೂಜೆಯ ದಿನ ಅದು ದೀಪದ ಎಣ್ಣೆಯನ್ನು ತನ್ನ ಕುದುರೆಕೂದಲಿಗೆ ಸವರಿಕೊಂಡು, "ನೋಡಯ್ಯ ರಾಳ, ಎಂಥ ಹೊಳಪು. ಇನ್ನು ನಿನ್ನ ಒರಟು ಕೈ ನನಗೆ ಬೇಡ" ಎಂದಿತು.

"ದೇವರ ಮುಂದಿನದಾದರೂ ಎಣ್ಣೆ ಎಣ್ಣೆಯೇ ಕಣಪ್ಪ" ಎಂದಿತು ರಾಳ.

ಸಂಜೆ ಭಜನೆಗೆ ಜನ ಕೂತರು. ಹೊಸ ಹಾರ್ಮೋನಿಯಂ ಪಕ್ಕದಲ್ಲೇ ಕಾದಿತ್ತು. ಪಿಟೀಲು ಅಂದು ಸರಿಯಾಗಿ ನುಡಿಯದಿದ್ದರೆ ಅದನ್ನು ಅಟ್ಟಕ್ಕೇರಿಸುವುದೆಂದು ಹಿರಿಯರು ನಿಶ್ಚಯಿಸಿದ್ದರು.

ಕಮಾನು ತಂತಿಯ ಮೇಲೆ ಹರಿದಾಡಿತು; ದನಿಯೇ ಇಲ್ಲ. ಬಲವಾಗಿ ಒತ್ತಿತು, ಕೀರಲು ಬಂತು. ಜನ ತಿರುಗಿ ನೋಡಿದರು.

"ಅಟ್ಟದ ಮೇಲೆ ಗಾಳಿ ಚೆನ್ನಾಗಿ ಬರುತ್ತದಂತೆ, ಅಣ್ಣ" ಎಂದಿತು ಹಾರ್ಮೋನಿಯಂ.

ಕಮಾನು ತಂತಿಯತ್ತ ಬಾಗಿ ಕೇಳಿತು, "ತಂತಿಯಮ್ಮ, ಏಕೆ ಸುಮ್ಮನಿದ್ದೀಯೆ?"

"ನೀನು ನನ್ನನ್ನು ಹಿಡಿಯುತ್ತಿಲ್ಲ, ಜಾರುತ್ತಿದ್ದೀಯೆ. ಒತ್ತಿದರೆ ನನಗೆ ಉಸಿರು ಕಟ್ಟುತ್ತದೆ. ಎಣ್ಣೆ ತಾಗದ ಜಾಗ ಎಲ್ಲಾದರೂ ಉಳಿದಿದೆಯೇ?"

"ತುದಿಯಲ್ಲಿ ನಾಲ್ಕು ಬೆರಳಗಲ. ನಿನ್ನೆಯ ರಾಳ ಅಲ್ಲಿ ಹಾಗೇ ಇದೆ."

"ಅಷ್ಟನ್ನೇ ತಾ. ಒತ್ತಬೇಡ. ನಿಧಾನವಾಗಿ, ನೇರವಾಗಿ ಎಳೆ."

ಕಮಾನು ಹಾಗೆಯೇ ಎಳೆಯಿತು. ಸಣ್ಣದಾಗಿ, ಸ್ಪಷ್ಟವಾಗಿ ಸ್ವರ ಹೊರಟಿತು. ಹಾಡುವವರು ತಮ್ಮ ದನಿ ತಗ್ಗಿಸಿ ಅದರ ಜೊತೆ ಸೇರಿಕೊಂಡರು. ಆ ನಾಲ್ಕು ಬೆರಳಗಲದಲ್ಲೇ ಭಜನೆ ಮಂಗಳದವರೆಗೂ ನಡೆಯಿತು. ಹಾರ್ಮೋನಿಯಂನ ಮುಚ್ಚಳವನ್ನು ಯಾರೂ ತೆಗೆಯಲಿಲ್ಲ.

ಕಮಾನು ಹಿಡಿಯುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇದನ್ನು ಅವರಿಗೆ ಹೇಳಿ. ಅವರೂ ಇನ್ನೊಬ್ಬರಿಗೆ ಹೇಳಲಿ.