ಅತಿಥಿಯ ಹೆಸರಿನ ಉಪ್ಪುಬಾವಿ

ಕಛ್ ಸೀಮೆಯ ಪಡುವಣ ಅಂಚಿನಲ್ಲಿ, ಮರಳುಗಾಡು ಹೋಗಿ ಕಡಲಿಗೆ ತಾಗುವ ಕಡೆ, ಸೂರಾಣಿ ಎಂಬ ಹಳೆಯ ಬಂದರು ಪಟ್ಟಣವಿದೆ. ಬಂದರು ಎನ್ನುವುದು ಈಗ ಹೆಸರಿಗೆ ಮಾತ್ರ. ಅಳಿವೆಯಲ್ಲಿ ಹೂಳು ತುಂಬಿ ಕಡಲೇ ಊರನ್ನು ಬಿಟ್ಟು ದೂರ ಸರಿದಿದೆ. ಸುಂಕದ ಕಟ್ಟೆಯ ಮೇಲೆ ಆಡುಗಳು ಮಲಗಿರುತ್ತವೆ, ಕೋಟೆಗೋಡೆಯನ್ನು ಉಪ್ಪುಗಾಳಿ ತಿಂದುಹಾಕಿದೆ. ಇಷ್ಟು ದೂರ ಬಂದು ಇದನ್ನೇ ನೋಡಬೇಕಿತ್ತೇ ಎಂದು ಮುಖ ಸಣ್ಣದು ಮಾಡಿಕೊಳ್ಳುವವರುಂಟು. ಅವರು ಕೋಟೆಬಾಗಿಲಿನಿಂದ, ಹಿಂದೆ ಹಡಗು ನಿಲ್ಲುತ್ತಿದ್ದ ಹಳೆಯ ಧಕ್ಕೆಗೆ ಇಳಿಯುವ ದಾರಿಯಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿ ಮರಳ ತಗ್ಗಿನಲ್ಲಿ ಒಂದು ಬಾವಿಯಿದೆ. ಊರವರು ಅದನ್ನು ಮೆಹಮಾನ್ ಕೂವೊ ಎನ್ನುತ್ತಾರೆ, ಅಂದರೆ ಅತಿಥಿಯ ಬಾವಿ. ನೀರು ಬಾಯಿಗಿಟ್ಟರೆ ಉಗುಳಲೇಬೇಕು, ಅಷ್ಟು ಉಪ್ಪು.

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಹೊನ್ನಾವರದ ಕಡೆಯ ಜಟ್ಟಪ್ಪ ಅಂಬಿಗನೆಂಬ ತಾಂಡೇಲ, ಎಂದರೆ ಹಡಗಿನ ಮುಖ್ಯಸ್ಥ, ಮೆಣಸು, ತೆಂಗಿನಕಾಯಿ ಹೇರಿಕೊಂಡು ಮೊದಲ ಸಲ ಈ ಬಂದರಿಗೆ ಬಂದ. ಹಡಗು ನಡೆಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅಚ್ಚುಕಟ್ಟಿನ ಮನುಷ್ಯ, ಆ ಅಚ್ಚುಕಟ್ಟಿನ ಬಗ್ಗೆ ತುಸು ಜಂಬವೂ ಇತ್ತು. ಹೊಸ ಊರಿನಲ್ಲಿ ಒರಟನೆನಿಸಿಕೊಳ್ಳಬಾರದೆಂದು ಒಗೆದ ಪಂಚೆ ಉಟ್ಟು, ಜೊತೆಗಾರ ಬೀರನನ್ನು ಕರೆದುಕೊಂಡು ದಲ್ಲಾಳಿಯ ಮನೆಗೆ ಹೋದ. ದಲ್ಲಾಳಿಯ ತಾಯಿ ರತನಬಾಯಿ ಬಾಗಿಲಿಗೆ ಬಂದು, ಮಾತಿಲ್ಲದೆ, ಎರಡೂ ಕೈಯಿಂದ ತುಂಬಿದ ತಾಮ್ರದ ಚೊಂಬೊಂದನ್ನು ನೀಡಿದಳು. ನಮ್ಮ ಕಡೆ ಬಂದವರಿಗೆ ಮೊದಲು ಕೊಡುವುದು ಕಾಲಿಗೆ ನೀರು. ಜಟ್ಟಪ್ಪ ಅಂಗಳದಂಚಿಗೆ ಸರಿದು, ಪಂಚೆ ಎತ್ತಿ, ಮೊಣಕಾಲಿನಿಂದ ಕೆಳಗೆ ನೀರು ಸುರಿದುಕೊಂಡು, ಬೆರಳ ಸಂದಿಯನ್ನೂ ಬಿಡದೆ ಉಜ್ಜಿದ. ಉಳಿದದ್ದರಲ್ಲಿ ಬಾಯಿ ಮುಕ್ಕಳಿಸಿ ಮರಳಿಗೆ ಉಗಿದ. ಮನೆಯವರೆಲ್ಲ ನೋಡುತ್ತಿದ್ದರು. ತನ್ನ ನಡವಳಿಕೆ ಮೆಚ್ಚಿಗೆಯಾಗಿದೆ ಎಂದುಕೊಂಡ ಅವನು.

ರತನಬಾಯಿ ಮುಗುಳ್ನಕ್ಕು ಚಾಪೆ ಹಾಸಿದಳು. ಸಜ್ಜೆರೊಟ್ಟಿ, ಈರುಳ್ಳಿ ಬಡಿಸಿದಳು. ಉಂಡವನು ಕುಡಿಯಲು ನೀರು ಕೇಳಿದಾಗ 'ಈಗ ತರುತ್ತೇನೆ ಭಾಯಿ' ಎಂದು ಕೊಡ ಹಿಡಿದು ಹಿತ್ತಿಲ ಬಾಗಿಲಿನಿಂದ ಹೋದಳು. ಸೊಸೆ ಒಳಗೆ ಅಳುತ್ತಿದ್ದ ಮಗುವನ್ನು ಸುಮ್ಮನಾಗಿಸುತ್ತಿದ್ದಳು. ಹೊತ್ತು ಇಳಿಯುತ್ತ ಬಂತು, ಮುದುಕಿಯ ಸುಳಿವಿಲ್ಲ. ಜಟ್ಟಪ್ಪನಿಗೆ ಸಿಟ್ಟು ಬಂತು.

"ನೀರು ತರೂಕೆ ಹೋದ ಮುದ್ಕಿ ಎಲ್ಲಿ ಮಲಗ್ಬಿಟ್ತಾ ಮಾರಾಯಾ? ಒಂದು ಚೊಂಬು ನೀರಿಗೆ ಇಷ್ಟು ಹೊತ್ತಾ?" ಎಂದ ಬೀರನಿಗೆ.

ಕಾಲು ಆಡಿಸಿ ಬರೋಣವೆಂದು ಹಿತ್ತಿಲಿಗೆ ಹೋಗಿ ನೋಡಿದರೆ ಅಲ್ಲಿ ಬಾವಿಯೇ ಇರಲಿಲ್ಲ. ಮರಳು, ಮರಳು, ಅದರಾಚೆ ಮತ್ತೂ ಮರಳು. ಬಹಳ ದೂರದಲ್ಲಿ ಒಂದು ಆಕೃತಿ ತಲೆಯ ಮೇಲೆ ಕೊಡ ಹೊತ್ತು, ಹೂತುಹೋಗುವ ಕಾಲನ್ನು ಕಿತ್ತು ಕಿತ್ತು ಇಡುತ್ತ ಬರುತ್ತಿತ್ತು. ತಾನು ಕಾಲಿಗೆ ಸುರಿದುಕೊಂಡದ್ದು ಕುಡಿಯಲೆಂದು ಕೊಟ್ಟ, ಆ ಮನೆಯ ಕೊನೆಯ ನೀರು ಎಂದು ಅವನಿಗೆ ಆಗ ತಿಳಿಯಿತು. ಮಗು ಏಕೆ ಅಳುತ್ತಿತ್ತೆಂಬುದೂ ತಿಳಿಯಿತು. ಮುದುಕಿ ಬಂದವಳೇ ಮೊದಲ ಲೋಟವನ್ನು ಅವನಿಗೇ ನೀಡಿದಳು. ಬೇಡವೆಂದರೆ ಆಕೆ ನಡೆದದ್ದಕ್ಕೆ ಬೆಲೆಯಿಲ್ಲ, ಕುಡಿಯೋಣವೆಂದರೆ ಮಗು ಲೋಟವನ್ನೇ ನೋಡುತ್ತಿದೆ. ಕುಡಿದ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಆಕೆ ಹೇಳಲು ಬಿಡಲಿಲ್ಲ. "ಕಾಲು ತೊಳೆಯುವಷ್ಟು ನೀರಿರುವ ಊರೂ ಇದೆಯಲ್ಲ ಭಾಯಿ. ನೋಡಿ ಸಂತೋಷವಾಯಿತು" ಎಂದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮರುದಿನ ಹಾಯಿ ಎತ್ತಬೇಕಾಗಿದ್ದವನು ಎತ್ತಲಿಲ್ಲ. ಕಡಲಂಚಿನ ಮರಳು ಬಗೆದು ಸಿಹಿ ಒರತೆ ಹುಡುಕುವುದು ನಮ್ಮ ಕರಾವಳಿಯವರಿಗೆ ಗೊತ್ತಿದ್ದ ಕೆಲಸ. ಧಕ್ಕೆಯ ಹತ್ತಿರದ ತಗ್ಗು ನೋಡಿ ತೋಡತೊಡಗಿದ. ಗಾಳಿ ತಿರುಗಿದರೆ ಊರಿಗೆ ಹೋಗುವುದು ಯಾವಾಗ ಎಂದು ಆಳುಗಳು ಗೊಣಗಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರಳು ಕುಸಿಯದಂತೆ, ಹಡಗಿನ ತಳದಲ್ಲಿ ಭಾರಕ್ಕೆಂದು ಹಾಕಿದ್ದ ಹೊನ್ನಾವರದ ಚಿರೇಕಲ್ಲನ್ನೇ ತೆಗೆದು ಒಳಗೋಡೆ ಕಟ್ಟಿಸಿದ. ನೀರು ಬಂತು. ಊರೆಲ್ಲ ಸೇರಿತು. ಬೊಗಸೆಯಲ್ಲಿ ಎತ್ತಿ ಬಾಯಿಗಿಟ್ಟವನು ಹಾಗೆಯೇ ನಿಂತುಬಿಟ್ಟ. ಬರೀ ಉಪ್ಪು. ಹೊನ್ನಾವರದ ಮಳೆ ಇಲ್ಲಿನ ಮರಳಿಗೆ ಎಲ್ಲಿಂದ ಬರಬೇಕು!

ಯಾರೂ ನಗಲಿಲ್ಲ. ರತನಬಾಯಿ ಮುಂದೆ ಬಂದು, ಲಂಗವನ್ನು ತುಸು ಎತ್ತಿ, ಒಂದು ಬಿಂದಿಗೆ ನೀರನ್ನು ತನ್ನ ಬಿರುಕುಬಿಟ್ಟ ಪಾದಗಳ ಮೇಲೆ ನಿಧಾನವಾಗಿ ಸುರಿದುಕೊಂಡಳು. "ತಂಪಾಗಿದೆ ಭಾಯಿ" ಎಂದಳು. ಜಟ್ಟಪ್ಪ ತಲೆ ಎತ್ತಲಿಲ್ಲ. ಅಂದೇ ಹಾಯಿ ಬಿಚ್ಚಿ ಹೊರಟವನು ಮತ್ತೆಂದೂ ಆ ಬಂದರಿಗೆ ಹೋಗಲಿಲ್ಲ, ಆ ಊರಿನ ಮಾತನ್ನೂ ಎತ್ತಲಿಲ್ಲ ಎನ್ನುತ್ತಾರೆ. ಇಷ್ಟನ್ನು ಹೇಳಿದವನು ಬೀರ, ಅದೂ ತಾಂಡೇಲ ತೀರಿಕೊಂಡ ಮೇಲೆ.

ಮರಳುಗಾಡಿನಲ್ಲಿ ಎಲ್ಲೂ ಸಿಗದ ಆ ಕೆಂಪು ಚಿರೇಕಲ್ಲು ಇಂದಿಗೂ ಬಾವಿಯೊಳಗೆ ಕಾಣುತ್ತದೆ. ಹೆಸರು ಹೇಗೆ ಬಂತೆಂದು ಕೇಳಿದರೆ ಸೂರಾಣಿಯವರು, ಯಾರೋ ಪುಣ್ಯಾತ್ಮ ಅತಿಥಿ ಕಟ್ಟಿಸಿದ್ದು ಎಂದಷ್ಟೇ ಹೇಳುತ್ತಾರೆ, ಉಳಿದದ್ದನ್ನು ಹೇಳುವುದಿಲ್ಲ. ಅವರಿಗೆ ತಿಳಿಯದೆಂದಲ್ಲ. ಬಂದವರು ಹೊನ್ನಾವರದ ಕಡೆಯವರು ಎಂದು ಗೊತ್ತಾದರೆ, ಕುಡಿಯುವ ನೀರು ಕೊಡುವ ಮೊದಲು ಅವರನ್ನು ಈ ಬಾವಿಗೆ ಕರೆತಂದು, "ಮೊದಲು ಕಾಲು ತೊಳೆದುಕೊಳ್ಳಿ, ನಿಮ್ಮಲ್ಲಿ ಹಾಗೆ ಪದ್ಧತಿಯಲ್ಲವೇ" ಎಂದು ತಾವೇ ನೀರು ಸೇದಿಕೊಡುತ್ತಾರೆ.