ಮರಳಿನಡಿಯ ಕೂಗು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಹಿರಿಯ ಶಿಷ್ಯ ತಾನು ಕಲಿತದ್ದನ್ನು ಕಿರಿಯರಿಗೆ ಹೇಳಿಕೊಡಬೇಕು. ಗುರುಗಳು ಕಂಬಕ್ಕೊರಗಿ ಕೇಳುತ್ತಾರೆ.

ಆ ದಿನ ಸರದಿ ಮಲ್ಲಿದೇವನದು.

“ಕಿವಿ ಹೊರಗೆ ಕಂಡರೆ ಆ ಪ್ರಾಣಿ ಮರಿ ಹಾಕುತ್ತದೆ, ಹಾಲೂಡಿಸುತ್ತದೆ. ಕಿವಿ ಕಾಣದಿದ್ದರೆ ಮೊಟ್ಟೆ ಇಡುತ್ತದೆ. ನೀರನ್ನು ಹೀರಿ ಕುಡಿಯುವ ಹಸು, ಜಿಂಕೆ ಹುಲ್ಲು ತಿನ್ನುತ್ತವೆ. ನೆಕ್ಕಿ ಕುಡಿಯುವ ಹುಲಿ, ನಾಯಿ ಮಾಂಸ ತಿನ್ನುತ್ತವೆ.”

“ಮೊಸಳೆ?” ಎಂದರು ಗುರು ಬೋಳಯ್ಯನವರು.

“ಕಿವಿ ಕಾಣದು. ಮರಳಲ್ಲಿ ಮೊಟ್ಟೆ ಇಡುತ್ತದೆ. ಮಾಂಸ ತಿನ್ನುತ್ತದೆ. ಮೊಲೆಯಿಲ್ಲ, ಹಾಗಾಗಿ ಮಮತೆಯೂ ಇಲ್ಲ.”

“ಕೊನೆಯ ಮಾತು ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ಮೊದಲಿನದರಿಂದ ತಾನೇ ತಿಳಿಯುತ್ತದಲ್ಲ, ಗುರುಗಳೇ.”

ಗುರುಗಳು ಎದ್ದು ಒಳಗೆ ಹೋದರು. ಆಗಲೇ ಏನಾದರೂ ಹೇಳಬೇಕಿತ್ತೋ ಏನೋ.

ಮರುದಿನ ಬೆಳಿಗ್ಗೆ ಮಲ್ಲಿದೇವ ಹೂವಿನ ಬುಟ್ಟಿಯನ್ನೂ ಹಿಡಿದುಕೊಂಡು ನೀರಿಗೆ ಹೋದ. ದಂಡೆಯಲ್ಲಿ ಹೆಣ್ಣು ಮೊಸಳೆಯೊಂದು ಮರಳು ಬಗೆಯುತ್ತಿತ್ತು. ಗುಂಡಿಯಿಂದ ಗೇಣುದ್ದದ ಮರಿಗಳು ಹೊರಬಂದವು. ಮೊಸಳೆ ಬಾಯಿ ತೆರೆದು ಒಂದನ್ನು ಒಳಗೆ ಹಾಕಿಕೊಂಡಿತು. ಇನ್ನೊಂದನ್ನೂ ಹಾಕಿಕೊಂಡಿತು.

“ಅಯ್ಯೋ ಪಾಪಿ, ಹೆತ್ತದ್ದನ್ನೇ ತಿನ್ನುತ್ತೀಯಾ!”

ಕೈಗೆ ಸಿಕ್ಕ ಕಲ್ಲನ್ನೆಲ್ಲ ಅವನು ಬೀಸಿದ. ಒಂದು ಅದರ ಕಣ್ಣಿನ ಪಕ್ಕ ಬಡಿದು ರಕ್ತ ಬಂತು. ಮೊಸಳೆ ನೀರಿಗೆ ಸರಿಯಿತು. ಉಳಿದ ಮರಿಗಳನ್ನು ಬುಟ್ಟಿಗೆ ತುಂಬಿಕೊಂಡು ಅವನು ಆಶ್ರಮಕ್ಕೆ ಓಡಿಬಂದ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಅವನಿಗೆ ಗೊತ್ತಿತ್ತು. ಅದು ಮೊಸಳೆಗೂ ಸಲ್ಲುತ್ತದೆಂದು ಹೊಳೆಯಲಿಲ್ಲ.

ಮರಿಗಳು ಒಂದೇ ಸಮನೆ ಕೂಗುತ್ತಿದ್ದವು. ಹಸಿವಿರಬೇಕೆಂದು ಅವನು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಬತ್ತಿಯನ್ನು ಹಾಲಿನಲ್ಲಿ ಅದ್ದಿ, ಒಂದೊಂದರ ಬಾಯಿಗೂ ಹಿಂಡಿದ. ಕೂಗು ನಿಲ್ಲಲಿಲ್ಲ. ಒಂದು ಮರಿ ಮಾತ್ರ ಸುಮ್ಮನಾಯಿತು.

ಗುರುಗಳು ಬಂದು ಬಗ್ಗಿ ನೋಡಿದರು.

“ಇದಕ್ಕೆ ಹೊಟ್ಟೆ ತುಂಬಿ ನಿದ್ದೆ ಬಂತು, ಗುರುಗಳೇ.”

“ಮುಟ್ಟಿ ನೋಡು.”

ಮುಟ್ಟಿದ. ಉಸಿರಿರಲಿಲ್ಲ. ಮೂಗಿನ ಹೊಳ್ಳೆಯಲ್ಲಿ ಹಾಲಿತ್ತು.

“ನಾನು ಕೊಟ್ಟದ್ದು ಹಾಲಲ್ಲವೇ?” ಎಂದ.

“ಮೊಟ್ಟೆಯೊಡೆದು ಬಂದದ್ದಕ್ಕೆ ಹಾಲೇಕೆ? ನಿನ್ನೆ ನೀನೇ ಹೇಳಿದೆಯಲ್ಲ.”

“ಹಸಿದು ಅಳುತ್ತಿದ್ದವು.”

“ಮೊಟ್ಟೆಯ ಹಳದಿ ಇನ್ನೂ ಅವುಗಳ ಹೊಟ್ಟೆಯಲ್ಲಿದೆ. ಹಸಿವಿಲ್ಲ. ಅವು ಅಳುತ್ತಿಲ್ಲ, ಕರೆಯುತ್ತಿವೆ.”

“ಯಾರನ್ನು?”

ಗುರುಗಳು ಬುಟ್ಟಿ ಎತ್ತಿಕೊಂಡು ಹೊಳೆಯ ಕಡೆ ನಡೆದರು. ಸತ್ತ ಮರಿಯನ್ನು ಉತ್ತರೀಯದಲ್ಲಿ ಸುತ್ತಿಕೊಂಡು ಶಿಷ್ಯ ಹಿಂಬಾಲಿಸಿದ.

ನೀರಿನಂಚಿನಲ್ಲಿ ಬುಟ್ಟಿಯನ್ನು ಓರೆಯಾಗಿಟ್ಟು ಇಬ್ಬರೂ ದೂರದ ಬಂಡೆಯ ಮೇಲೆ ನಿಂತರು. ಮರಿಗಳು ಕೂಗಿದವು. ನೀರು ಅಲುಗಿತು. ಮಲ್ಲಿದೇವ ತನಗರಿವಿಲ್ಲದೆ ಕಲ್ಲು ಹೆಕ್ಕಿಕೊಂಡ.

“ಬಿಡು,” ಎಂದರು ಗುರುಗಳು.

ಬಿಟ್ಟ.

ಮೊಸಳೆ ಮೇಲೆ ಬಂತು. ಕಣ್ಣಿನ ಪಕ್ಕದ ಗಾಯ ಇನ್ನೂ ಹಸಿಯಾಗಿತ್ತು. ಒಂದು ಮರಿಯನ್ನು ಬಾಯಲ್ಲಿ ಎತ್ತಿಕೊಂಡು ನೀರಿಗಿಳಿದು ಬಾಯಿ ತೆರೆಯಿತು. ಆ ಹಲ್ಲುಗಳ ನಡುವಿನಿಂದ ಮರಿ ಈಜುತ್ತ ಹೊರಬಂತು. ಮೊಸಳೆ ಇನ್ನೊಂದಕ್ಕಾಗಿ ತಿರುಗಿ ಬಂತು. ಬುಟ್ಟಿ ಬರಿದಾಗುವವರೆಗೂ ಹೀಗೆಯೇ ನಡೆಯಿತು.

ಆಮೇಲೂ ಅದು ಹೋಗಲಿಲ್ಲ. ಬರಿದಾದ ಬುಟ್ಟಿಯ ಬಳಿ ಸ್ವಲ್ಪ ಹೊತ್ತು ಸುಮ್ಮನೆ ಮಲಗಿತ್ತು.

ಮಲ್ಲಿದೇವ ಉತ್ತರೀಯವನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

“ಕಿವಿಯ ಪಾಠ ಸರಿಯಾಗಿಯೇ ಹೇಳಿದ್ದೆನಲ್ಲ, ಗುರುಗಳೇ. ಎಲ್ಲಿ ತಪ್ಪಿದೆ?”

ಗುರುಗಳು ಮೊಸಳೆಯತ್ತ ಕೈ ತೋರಿದರು.

“ಆ ತಾಯಿಯ ಕಿವಿ ಯಾರಿಗೂ ಕಾಣದು. ಆದರೂ ಮರಳಿನಡಿಯಲ್ಲಿ, ಮೊಟ್ಟೆಯೊಳಗಿಂದ ಮರಿ ಕೂಗಿದ್ದು ಅವಳಿಗೆ ಕೇಳಿತು. ನಿನ್ನ ಕಿವಿ ಎಲ್ಲರಿಗೂ ಕಾಣುತ್ತದೆ, ಮಲ್ಲಿದೇವಾ. ಬುಟ್ಟಿ ನಿನ್ನ ಮಡಿಲಲ್ಲೇ ಇತ್ತು.”